ಟೈಮ್‌ಲೈನ್ ಎಲ್ಲಿ ಹೋಯ್ತು?

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಒಂದಿಬ್ಬರು ಗೆಳೆಯರು "ಏನಯ್ಯಾ, ಅಂಗಡಿ ಮುಚ್ಚಿದ್ಯಾ?" ಅಂತ ಕೇಳಿಯೂ ಆಯ್ತು. ಮುಚ್ಚಿಲ್ಲ ಸ್ವಾಮಿ, ಆಫೀಸಿನ ಕೆಲಸ ಪುರುಸೊತ್ತು ಕೊಟ್ಟಿರಲಿಲ್ಲ ಅಷ್ಟೇ. ಇವತ್ತಿನದು ಕಥೆಯಲ್ಲ, ಕವನವಲ್ಲ, ಪ್ರವಾಸ ಕಥನವಂತೂ ಅಲ್ಲವೇ ಅಲ್ಲ. ಎರಡು ಮಾನಿಟರ್ ಇಟ್ಟುಕೊಂಡು ವಿಡಿಯೋ ಎಡಿಟಿಂಗ್ ಮಾಡುವವರಿಗೆ ಬರುವ ಒಂದು ವಿಚಿತ್ರ ಕಾಯಿಲೆಯ ಬಗ್ಗೆ. 'ನಮಗೂ ವಿಡಿಯೋಗೂ ಏನು ಸಂಬಂಧ' ಅನ್ನುವವರು ಕೂಡ ಸ್ವಲ್ಪ ತಾಳ್ಮೆ ತಂದುಕೊಂಡು ಓದಿ. ಮಧ್ಯದಲ್ಲಿ ಒಬ್ಬರು ಮೇಷ್ಟ್ರು ಬರುತ್ತಾರೆ :-)

ಎಡಿಟಿಂಗ್ ಮಾಡುವವರಿಗೆ ಎರಡು ಪರದೆ ಯಾಕೆ ಬೇಕು ಅಂತ ಅನೇಕರು ಕೇಳುತ್ತಾರೆ. ಒಂದರಲ್ಲಿ ಸಿನಿಮಾ ನೋಡ್ತಾ ಇನ್ನೊಂದರಲ್ಲಿ ಕೆಲಸ ಮಾಡೋಕೆ ಅಂತ ನನ್ನ ಹೆಂಡತಿಯ ನಂಬಿಕೆ. ಅಸಲಿಗೆ ಇದು ಕಂಪ್ಯೂಟರ್ ಬರುವುದಕ್ಕೂ ಮುಂಚಿನ ಅಭ್ಯಾಸ. ಟೇಪಿನಿಂದ ಟೇಪಿಗೆ ಎಡಿಟ್ ಮಾಡುತ್ತಿದ್ದ ಕಾಲದಲ್ಲಿ ಒಂದು ಪ್ಲೇಯರು, ಒಂದು ರೆಕಾರ್ಡರು, ಎರಡಕ್ಕೂ ಒಂದೊಂದು ಟಿವಿ. ಎಡಗಡೆ ಮೂಲ, ಬಲಗಡೆ ಕತ್ತರಿಸಿ ಜೋಡಿಸಿದ್ದು. 1989ರಲ್ಲಿ ಅವಿಡ್‌ನವರು ಮ್ಯಾಕಿಂತೋಷ್ ಮೇಲೆ ಎಡಿಟಿಂಗ್ ವ್ಯವಸ್ಥೆ ತಂದಾಗಲೂ ಇದೇ ಎಡ-ಬಲದ ಕ್ರಮವನ್ನು ಉಳಿಸಿಕೊಂಡರು. ಇವತ್ತಿಗೂ ಹೆಚ್ಚುಕಮ್ಮಿ ಎಲ್ಲ ಎಡಿಟಿಂಗ್ ತಂತ್ರಾಂಶಗಳಲ್ಲಿ ಎಡಕ್ಕೆ ಸೋರ್ಸ್, ಬಲಕ್ಕೆ ಪ್ರೋಗ್ರಾಂ. ಕೆಳಗೆ ಟೈಮ್‌ಲೈನು. ಇದರ ಜೊತೆಗೆ ಕ್ಲಿಪ್ಪುಗಳ ಪಟ್ಟಿ, ಆಡಿಯೋ ಮೀಟರು, ಎಫೆಕ್ಟುಗಳು, ಬಣ್ಣದ ಗಾಲಿಗಳು... ಒಂದೇ ಪರದೆಯಲ್ಲಿ ಇವೆಲ್ಲ ಜಾತ್ರೆ ಬಸ್ಸಿನ ಥರ ಒತ್ತಿಕೊಂಡು ನಿಲ್ಲಬೇಕಾಗುತ್ತದೆ. ಅದಕ್ಕೇ ಎರಡನೇ ಮಾನಿಟರು. ಮ್ಯಾಕಿನಲ್ಲಿ ಈ ಸೌಕರ್ಯ 1987ರ ಮ್ಯಾಕಿಂತೋಷ್ 2ರಿಂದಲೇ ಇದೆ. ನಮ್ಮ ಕಡೆಯ ಸ್ಟುಡಿಯೋಗಳಿಗೆಲ್ಲ ಪರಿಚಿತವಾದ ವಿಂಡೋಸ್ ಮನೆತನಕ್ಕೆ ಬಂದದ್ದು ವಿಂಡೋಸ್ 98ರಲ್ಲಿ.

ನಮ್ಮ ಭಾವನದು ತೀರ್ಥಹಳ್ಳಿ ಹತ್ತಿರ ಒಂದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ. ಮದುಮಗಳ ಮುಖ ಗುಲಾಬಿ ಹೂವಿನೊಳಗಿಂದ ಅರಳಿಕೊಂಡು ಬರುತ್ತಿದ್ದ ಕಾಲದಿಂದಲೂ ಅವರು ಈ ಕಸುಬಿನಲ್ಲಿದ್ದಾರೆ. (ಆ ಗುಲಾಬಿಯ ಎಫೆಕ್ಟ್ ಈಗಲೂ ಕೇಳಿ ಹಾಕಿಸಿಕೊಳ್ಳುವವರು ಇದ್ದಾರಂತೆ!) ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ, ನಮ್ಮ ಕುಟುಂಬದ ಶಾಸನದ ಪ್ರಕಾರ, ಸ್ಟುಡಿಯೋದ ಕಂಪ್ಯೂಟರು, ಅಕ್ಕನ ಮೊಬೈಲು, ಪಕ್ಕದ ಮನೆಯವರ ಪ್ರಿಂಟರು ಎಲ್ಲಕ್ಕೂ ನಾನೇ ಆಸ್ಥಾನ ವೈದ್ಯ.

2023ರ ಅಕ್ಟೋಬರ್. ಆಯುಧಪೂಜೆಗೆ ಸ್ಟುಡಿಯೋದ ಹುಡುಗರು ಎಲ್ಲ ಯಂತ್ರಗಳನ್ನೂ ಬಿಚ್ಚಿ, ವರ್ಷದ ಧೂಳು ಹೊಡೆದು, ಮಾನಿಟರು ಸಿಪಿಯುಗಳಿಗೆಲ್ಲ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ ಪೂಜೆ ಮಾಡಿದ್ದರು. ಹಬ್ಬ ಮುಗಿದ ಮೇಲೆ ವೈರುಗಳನ್ನು ವಾಪಸ್ ಸಿಕ್ಕಿಸಿದ್ದರು. ಎರಡು ದಿನ ಬಿಟ್ಟು ಸಂಜೆ ಏಳರ ಹೊತ್ತಿಗೆ ಭಾವನ ಫೋನು.

"ಮಾರಾಯ, ಟೈಮ್‌ಲೈನೇ ಇಲ್ಲ!"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಪ್ರಾಜೆಕ್ಟ್ ಓಪನ್ ಆಗ್ತದೆ, ವಿಡಿಯೋ ಕಾಣ್ತದೆ, ಕೆಳಗಡೆ ಕತ್ತರಿಸಿ ಜೋಡಿಸಿದ್ದು ಒಂದೂ ಇಲ್ಲ. ಕಂಪ್ಯೂಟರ್ ರಿಪೇರಿಯವನು ಬರ್ತಾ ಇದ್ದಾನೆ. ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗ್ತದೆ ಅಂದ."

ಫಾರ್ಮ್ಯಾಟ್! ನಮ್ಮೂರುಗಳಲ್ಲಿ ಕಂಪ್ಯೂಟರಿಗೆ ಏನೇ ಬಂದರೂ ಕೊಡುವ ಕಷಾಯ ಅದೊಂದೇ. ಪ್ರಿಂಟ್ ಬರುತ್ತಿಲ್ಲವೇ, ಫಾರ್ಮ್ಯಾಟ್. ಸೌಂಡ್ ಇಲ್ಲವೇ, ಫಾರ್ಮ್ಯಾಟ್. ಬೇರೆ ದಿನ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಅವತ್ತು ಆ ಕಂಪ್ಯೂಟರಿನೊಳಗೆ ಮೇಷ್ಟ್ರ ದನಿ ಇತ್ತು.

ಮೇಷ್ಟ್ರು ಅಂದರೆ ಆ ಕಡೆಯ ಪ್ರೈಮರಿ ಶಾಲೆಯಲ್ಲಿ ಮೂರು ತಲೆಮಾರಿಗೆ ಮಗ್ಗಿ ಕಲಿಸಿದವರು. ಫೋಟೋ ಅಂದರೆ ಮುಖ ತಿರುಗಿಸುತ್ತಿದ್ದವರು. ಹಬ್ಬಕ್ಕೆ ಒಂಬತ್ತು ದಿನ ಮುಂಚೆ ತೀರಿಹೋಗಿದ್ದರು. 2003ರಲ್ಲಿ ಅವರ ಮಗಳ ಮದುವೆಯ ವಿಡಿಯೋ ತೆಗೆದದ್ದು ನಮ್ಮ ಭಾವನೇ. ಅವತ್ತು ಊಟದ ಪಂಕ್ತಿಯಲ್ಲಿ ಅದು ಹೇಗೋ ಮೈಕ್ ಅವರ ಕೈಗೆ ಬಂದು, ನಲವತ್ತು ಸೆಕೆಂಡಿನಷ್ಟು ಮಾತಾಡಿದ್ದರು. ಬಂದವರಿಗೆಲ್ಲ ನಮಸ್ಕಾರ ಹೇಳಿ, ಎಲೆಯಲ್ಲಿ ಅನ್ನ ಬಿಡುತ್ತಿದ್ದ ಹುಡುಗನೊಬ್ಬನಿಗೆ ಮೈಕಿನಲ್ಲೇ ಗದರಿಸಿ, ಕೊನೆಗೆ ತಾವೇ ನಕ್ಕಿದ್ದರು. ಮನೆಯವರ ಬಳಿ ಅವರ ದನಿ ಬೇರೆಲ್ಲೂ ಇರಲಿಲ್ಲ. ಮದುವೆಯ ಸಿಡಿ ಇತ್ತು, ನಿಜ. ಆದರೆ ಆ ಕಾಲದ ಮದುವೆ ಸಿಡಿ ಗೊತ್ತಲ್ಲ? ಉದ್ದಕ್ಕೂ ಸಿನಿಮಾ ಹಾಡು! ಮೇಷ್ಟ್ರ ತುಟಿ ಅಲ್ಲಾಡುತ್ತದೆ, ಕೇಳಿಸುವುದು ಡ್ಯುಯೆಟ್ಟು.

ಮೂಲ ಟೇಪು ಮಿನಿ ಡಿವಿ. ಭಾವನ ಬೀರುವಿನಲ್ಲಿ ಇಪ್ಪತ್ತು ವರ್ಷ ಕೂತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಟೇಪಿನ ಗತಿ ಕೇಳಬೇಕೆ. ಅಂಚಿನಲ್ಲೆಲ್ಲ ಬಿಳಿ ಬೂಷ್ಟು. ಮಗಳು ಬಂದು ಕೇಳಿಕೊಂಡ ಮೇಲೆ ಭಾವ ಅದನ್ನು ಒರೆಸಿ, ಹಳೇ ಕ್ಯಾಮೆರಾಗೆ ಹಾಕಿ, ಫೈರ್‌ವೈರ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಒಂದು ಸಲ ಓಡಿತು. ಎರಡನೇ ಸಲ ಹಾಕಿದಾಗ ಒಳಗೇ ಸುತ್ತಿಕೊಂಡು ಹರಿದುಹೋಯಿತು. ಅಂದರೆ ಆ ನಲವತ್ತು ಸೆಕೆಂಡು ಈಗ ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ: ಆ ಕಂಪ್ಯೂಟರಿನ ಸಿ ಡ್ರೈವು. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ವೈಕುಂಠ ಸಮಾರಾಧನೆ.

"ಭಾವ, ರಿಪೇರಿಯವರಿಗೆ ಕಾಫಿ ಕೊಟ್ಟು ಕೂರಿಸಿ. ಕೀಬೋರ್ಡ್ ಮಾತ್ರ ಕೊಡಬೇಡಿ" ಅಂದೆ. ಮೊದಲು ಮಾಡಿಸಿದ ಕೆಲಸ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಆ ಫೈಲಿನ ನಕಲು. ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ. ಅದು ನಕಲಾಗುವಷ್ಟು ಹೊತ್ತು ನಾವು ಬೇರೇನನ್ನೂ ಮುಟ್ಟಲಿಲ್ಲ. ಪ್ರಾಜೆಕ್ಟ್ ಫೈಲನ್ನೂ ಪಕ್ಕಕ್ಕೆ ಒಂದು ನಕಲು ಮಾಡಿಸಿದೆ.

ತಂತ್ರಾಂಶದ ಹೆಸರು ಇಲ್ಲಿ ಹೇಳುವುದಿಲ್ಲ. ಈ ಕಾಯಿಲೆ ಎಲ್ಲ ತಂತ್ರಾಂಶಗಳಿಗೂ ಬರುವಂಥದ್ದು, ಒಬ್ಬರ ಮೇಲೆ ಯಾಕೆ ಹಾಕಬೇಕು. ಮುಖ್ಯವಾದ ಸಂಗತಿ ಏನೆಂದರೆ, ನೀವು ಕತ್ತರಿಸಿ ಜೋಡಿಸಿದ ಕೆಲಸ ಬೇರೆ, ಅದನ್ನು ತೋರಿಸುವ ಕಿಟಕಿಗಳ ಜೋಡಣೆ ಬೇರೆ. ಕಿಟಕಿ ಕಾಣದಿದ್ದರೆ ಕೆಲಸ ಹೋಯಿತು ಅಂತ ಅರ್ಥವಲ್ಲ. ಪಾತ್ರೆ ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ ಅಂದ ಮಾತ್ರಕ್ಕೆ ಅದರೊಳಗಿನ ಪಾಯಸ ಆವಿಯಾಗುವುದಿಲ್ಲ ತಾನೆ? ಹೀಗಂತ ಭಾವನಿಗೆ ಹೇಳಿದರೆ "ಪಾತ್ರೆ ಹುಡುಕು ಮೊದಲು" ಅಂದರು.

ವಾಟ್ಸಾಪ್ ವಿಡಿಯೋ ಕಾಲ್ ಮಾಡಿ, ಫೋನನ್ನು ಪರದೆ ಕಡೆ ಹಿಡಿದುಕೊಳ್ಳಲು ಒಬ್ಬ ಹುಡುಗನನ್ನು ನಿಲ್ಲಿಸಿದೆವು. ಕೆಳಗಿನ ಟಾಸ್ಕ್‌ಬಾರಿನಲ್ಲಿ ತಂತ್ರಾಂಶದ ಐಕಾನ್ ಮೇಲೆ ಮೌಸ್ ಇಡಿಸಿದೆ. ಎರಡು ಪುಟ್ಟ ಚಿತ್ರಗಳು ಮೂಡಿದವು. ಒಂದು ಎದುರಿಗೆ ಕಾಣುತ್ತಿದ್ದ ಮುಖ್ಯ ಕಿಟಕಿ. ಇನ್ನೊಂದು, ಬೆರಳುಗುರಿನಷ್ಟು ಗಾತ್ರದಲ್ಲಿ, ನೀಲಿ ಹಸಿರು ಪಟ್ಟಿಗಳ ನಮ್ಮ ಟೈಮ್‌ಲೈನು!

ಭಾವನ ಮುಖ ನೋಡಬೇಕಿತ್ತು ನೀವು. "ಇದೆ ಮಾರಾಯ, ಇದೆ! ಆದ್ರೆ ಎಲ್ಲಿದೆ?"

ಅದೇ ಪ್ರಶ್ನೆ. ಎರಡೂ ಮಾನಿಟರಿನ ಮೇಲಿಲ್ಲ. ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇ ತೆಗೆಸಿದೆ. ಅಲ್ಲಿ ಮಾನಿಟರುಗಳನ್ನು ನಂಬರು ಹಾಕಿದ ಡಬ್ಬಿಗಳ ಥರ ತೋರಿಸುತ್ತದೆ. ಎರಡು ಇರಬೇಕಾದಲ್ಲಿ ಮೂರು ಡಬ್ಬಿ! ಐಡೆಂಟಿಫೈ ಅನ್ನುವ ಗುಂಡಿ ಒತ್ತಿದರೆ ಪ್ರತಿ ಪರದೆಯ ಮೇಲೂ ಅದರದರ ನಂಬರು ಕೆಲವು ಸೆಕೆಂಡು ಮೂಡುತ್ತದೆ. ಒಂದು ಮೂಡಿತು, ಎರಡು ಮೂಡಿತು. ಮೂರು?

"ಹೊರಗಿನ ರೂಮಲ್ಲಿ ಗಿರಾಕಿಗಳಿಗೆ ತೋರಿಸೋ ಟಿವಿ ಇದೆಯಲ್ಲ, ಅದರ ವೈರ್ ಎಲ್ಲಿದೆ?" ಅಂತ ಕೇಳಿದೆ.

ಹುಡುಗ ತಲೆ ಕೆರೆದುಕೊಂಡ. ಮೊದಲೆಲ್ಲ ಬೇಕಾದಾಗ ಮಾತ್ರ ಸಿಕ್ಕಿಸುತ್ತಿದ್ದ ಆ ಎಚ್‌ಡಿಎಂಐ ವೈರನ್ನು, ಹಬ್ಬದ ಕ್ಲೀನಿಂಗ್ ಆದ ಮೇಲೆ ನೀಟಾಗಿರಲಿ ಅಂತ ಗ್ರಾಫಿಕ್ಸ್ ಕಾರ್ಡಿಗೆ ಖಾಯಂ ಆಗಿ ಸಿಕ್ಕಿಸಿಬಿಟ್ಟಿದ್ದರು. ಟಿವಿ ಆಫ್ ಆಗಿತ್ತು. ಆದರೆ ಎಷ್ಟೋ ಟಿವಿಗಳು ರಿಮೋಟಿನಲ್ಲಿ ಆಫ್ ಮಾಡಿದರೂ ಕಂಪ್ಯೂಟರಿಗೆ 'ನಾನಿದ್ದೀನಿ' ಅಂತ ಹೇಳುತ್ತಲೇ ಇರುತ್ತವೆ. "ಆನ್ ಮಾಡಿ ನೋಡು" ಅಂದೆ. ಹುಡುಗ ಫೋನ್ ಹಿಡಿದುಕೊಂಡೇ ಓಡಿದ. ಗೋಡೆಯ ಮೇಲೆ, ಬಾಡಿದ ಚೆಂಡುಹೂವಿನ ಸರದ ಕೆಳಗೆ, ನಲವತ್ತಮೂರು ಇಂಚಿನಲ್ಲಿ ಟೈಮ್‌ಲೈನು ರಾಜನ ಹಾಗೆ ಕೂತಿತ್ತು!

ಕಾಫಿ ಕುಡಿಯುತ್ತಿದ್ದ ರಿಪೇರಿಯವರೂ ಎದ್ದು ಬಂದು ನೋಡಿದರಂತೆ.

ಹೀಗೇಕಾಯಿತು ಅನ್ನುವುದು ಸ್ವಾರಸ್ಯವಾಗಿದೆ. ವಿಂಡೋಸಿಗೆ ಎಲ್ಲ ಮಾನಿಟರುಗಳೂ ಸೇರಿ ಒಂದೇ ದೊಡ್ಡ ಬಯಲು. ಮುಖ್ಯ ಮಾನಿಟರಿನ ಎಡ ಮೇಲ್ಮೂಲೆ ಆ ಬಯಲಿನ ಸೊನ್ನೆಯ ಮೈಲಿಗಲ್ಲು. ಅಲ್ಲಿಂದ ಬಲಕ್ಕೆ ಹೋದಂತೆ ಲೆಕ್ಕ ಏರುತ್ತದೆ, ಎಡಕ್ಕೆ ಹೋದರೆ ಮೈನಸ್. ಭಾವನ ಟೇಬಲ್ಲಿನ ಮೇಲೆ ಎಡಗಡೆ ಇರುವ ಹಳೇ ಮಾನಿಟರು 1920 ಪಿಕ್ಸೆಲ್ ಅಗಲದ್ದು. ಹಾಗಾಗಿ ಅದರಲ್ಲಿ ತೇಲಿಬಿಟ್ಟಿದ್ದ ಟೈಮ್‌ಲೈನಿನ ವಿಳಾಸ ಮೈನಸ್ 1920. ತಂತ್ರಾಂಶ ಬರೆದಿಟ್ಟುಕೊಂಡದ್ದು ಈ ವಿಳಾಸವನ್ನು ಮಾತ್ರ, 'ಹಳೇ ಮಾನಿಟರಿನಲ್ಲಿ' ಅಂತಲ್ಲ. ವೈರುಗಳು ಅದಲುಬದಲಾಗಿ ಟಿವಿಯೂ ಸೇರಿದ ಮೇಲೆ, ವಿಂಡೋಸಿನ ನಕ್ಷೆಯಲ್ಲಿ ಎಡಗಡೆ ಟಿವಿ ಬಂದು, ಹಳೇ ಮಾನಿಟರು ಬಲಗಡೆಗೆ ಹೋಗಿತ್ತು. ಅಂಚೆಯವನು ಮನೆ ನಂಬರು ನೋಡಿ ಕಾಗದ ಹಾಕಿ ಹೋಗಿದ್ದಾನೆ, ಬಾಡಿಗೆಗೆ ಇದ್ದವರು ಮಾತ್ರ ಬದಲಾಗಿದ್ದಾರೆ. ಕಿಟಕಿ ಪರದೆಯಿಂದ ಆಚೆ ಬಿದ್ದಿದೆಯಾ ಅಂತ ಪರೀಕ್ಷೆ ಮಾಡಿ ಒಳಗೆ ಎಳೆದುಕೊಳ್ಳುವ ಜಾಣ ತಂತ್ರಾಂಶಗಳು ಇವೆ. ಆದರೆ ಇಲ್ಲಿ ಆ ಜಾಣತನವೂ ನಡೆಯುತ್ತಿರಲಿಲ್ಲ, ಏಕೆಂದರೆ ಆ ವಿಳಾಸದಲ್ಲಿ ನಿಜವಾಗಿಯೂ ಒಂದು ಪರದೆ ಇತ್ತಲ್ಲ!

ಮುಂದಿನದು ಸುಲಭ. ಮೂರನೇ ಡಬ್ಬಿಯನ್ನು ಆರಿಸಿ 'ಡಿಸ್ಕನೆಕ್ಟ್ ದಿಸ್ ಡಿಸ್‌ಪ್ಲೇ' ಕೊಟ್ಟ ತಕ್ಷಣ ಟೈಮ್‌ಲೈನು ಇದ್ದ ಮಾನಿಟರಿಗೆ ನೆಗೆದು ಬಂತು. ಉಳಿದೆರಡು ಡಬ್ಬಿಗಳನ್ನು ಟೇಬಲ್ಲಿನ ಮೇಲೆ ಮಾನಿಟರು ಹೇಗಿದೆಯೋ ಹಾಗೇ ಎಳೆದಿಟ್ಟು, ಕಿಟಕಿಗಳನ್ನು ಜೋಡಿಸಿ, ಆ ಜೋಡಣೆಗೆ ಹೊಸ ಹೆಸರು ಕೊಟ್ಟು ಉಳಿಸಿಸಿದೆ. ಗಂಟೆ ಒಂಬತ್ತು. ಭಾವ ರಾತ್ರಿ ಒಂದರವರೆಗೆ ಕೂತು ಹನ್ನೆರಡು ನಿಮಿಷದ ವಿಡಿಯೋ ಮುಗಿಸಿದರು.

ಮಾರನೇ ದಿನ ಅದೇ ಟಿವಿಯನ್ನು ಗೋಡೆಯಿಂದ ಬಿಚ್ಚಿ ಮೇಷ್ಟ್ರ ಮನೆಗೆ ಜೀಪಿನಲ್ಲಿ ಒಯ್ದರಂತೆ. ಎಲೆಯಲ್ಲಿ ಅನ್ನ ಬಿಟ್ಟದ್ದಕ್ಕೆ ಬೈಸಿಕೊಂಡ ಹುಡುಗ ಈಗ ಮೂವತ್ತರ ಗಂಡಸು, ಅವನೂ ಅಲ್ಲಿ ಬಡಿಸುತ್ತಿದ್ದನಂತೆ. ಮಗಳು ಆ ನಲವತ್ತು ಸೆಕೆಂಡನ್ನು ಮೂರು ಸಲ ಹಾಕಿಸಿದರು ಅಂತ ಅಕ್ಕ ಹೇಳಿದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಇನ್ನು ಈ ಕಾಯಿಲೆಯ ಬೇರೆ ರೂಪಗಳು. ಅವತ್ತಿನಿಂದ ಭಾವನ ಬಳಗದ ಇತರ ಸ್ಟುಡಿಯೋದವರೂ ನನಗೆ ಫೋನ್ ಮಾಡಲು ಶುರುವಿಟ್ಟಿದ್ದಾರೆ. ಹಾಗಾಗಿ ಬರೆದಿಟ್ಟರೆ ನನಗೇ ಅನುಕೂಲ, ಕೊಂಡಿ ಕಳಿಸಿ ಮಲಗಬಹುದು :-)

ಎಲ್ಲಕ್ಕಿಂತ ಹೆಚ್ಚು ಬರುವ ದೂರು, 'ಒಂದೇ ಪ್ಯಾನೆಲ್ ಇಡೀ ಪರದೆ ತುಂಬಿದೆ, ಉಳಿದದ್ದೆಲ್ಲ ಮಾಯ' ಅನ್ನುವುದು. ಅಡೋಬಿಯ ಪ್ರೀಮಿಯರಿನಲ್ಲಿ ಕೀಬೋರ್ಡಿನ ಒಂದರ ಎಡಕ್ಕಿರುವ ಕೀಲಿ ಒತ್ತಿದರೆ ಮೌಸ್ ಯಾವ ಪ್ಯಾನೆಲ್ ಮೇಲಿದೆಯೋ ಅದು ದೊಡ್ಡದಾಗುತ್ತದೆ. ಅದೇ ಕೀಲಿ ಮತ್ತೊಮ್ಮೆ ಒತ್ತಿದರೆ ಮೊದಲಿನಂತೆ. ಇಷ್ಟೇ. ಪೂರ್ತಿ ಕಲಸಿಹೋಗಿದ್ದರೆ ಆಲ್ಟ್, ಶಿಫ್ಟ್, ಸೊನ್ನೆ ಮೂರನ್ನೂ ಒಟ್ಟಿಗೆ ಒತ್ತಿ, ಉಳಿಸಿಟ್ಟ ಜೋಡಣೆ ವಾಪಸ್ ಬರುತ್ತದೆ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ವರ್ಕ್‌ಸ್ಪೇಸ್ ಮೆನುವಿನಲ್ಲಿ 'ರೀಸೆಟ್ ಯುಐ ಲೇಔಟ್' ಇದೆ. ಎರಡು ಪರದೆಗೆ ಹರಡುವ 'ಡ್ಯುಯಲ್ ಸ್ಕ್ರೀನ್' ಕೂಡ ಅದೇ ಮೆನುವಿನಲ್ಲಿ.

ಇನ್ನೊಂದು, ಬೇರೆ ಊರಿನ ಎಡಿಟರ್ ಕಳಿಸಿದ ಪ್ರಾಜೆಕ್ಟ್ ತೆರೆದರೆ ನಮ್ಮ ಜೋಡಣೆಯೇ ಕೆಡುವುದು. ಪ್ರೀಮಿಯರಿನ ಪ್ರಾಜೆಕ್ಟು ತನ್ನ ಹುಟ್ಟಿದ ಮನೆಯ ಕಿಟಕಿ ಜೋಡಣೆಯನ್ನೂ ಗಂಟು ಕಟ್ಟಿಕೊಂಡು ಬರುತ್ತದೆ. ಎರಡು ಮಾನಿಟರಿನಲ್ಲಿ ಬೆಳೆದ ಪ್ರಾಜೆಕ್ಟನ್ನು ಲ್ಯಾಪ್‌ಟಾಪಿನಲ್ಲಿ ತೆರೆದವರ ಪಾಡು ದೇವರಿಗೇ ಪ್ರೀತಿ. ವಿಂಡೋ ಮೆನುವಿನ ವರ್ಕ್‌ಸ್ಪೇಸಸ್‌ನಲ್ಲಿ 'ಇಂಪೋರ್ಟ್ ವರ್ಕ್‌ಸ್ಪೇಸ್ ಫ್ರಂ ಪ್ರಾಜೆಕ್ಟ್ಸ್' ಅನ್ನುವುದರ ಮುಂದಿನ ಗುರುತು ತೆಗೆದುಬಿಟ್ಟರೆ ಗಂಟು ಹೊರಗೇ ಉಳಿಯುತ್ತದೆ.

ಪರದೆಯಾಚೆ ಬಿದ್ದ ಕಿಟಕಿಯನ್ನು ಎಳೆದು ತರುವುದಕ್ಕೆ ಹಳೇ ಉಪಾಯ ಒಂದಿದೆ. ಆಲ್ಟ್ ಟ್ಯಾಬಿನಿಂದ ಆ ಕಿಟಕಿಯನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒತ್ತಿ, ನಂತರ ಎಂ ಒತ್ತಿ, ಯಾವುದಾದರೂ ಬಾಣದ ಕೀಲಿ ಒಂದು ಸಲ ಒತ್ತಿ ಮೌಸ್ ಅಲ್ಲಾಡಿಸಿ. ಕಿಟಕಿ ಮೌಸಿಗೆ ಅಂಟಿಕೊಂಡು ಬರುತ್ತದೆ. ತಮ್ಮದೇ ಶೈಲಿಯ ತಲೆಪಟ್ಟಿ ಬರೆದುಕೊಂಡ ತಂತ್ರಾಂಶಗಳಲ್ಲಿ ಇದು ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ. ಆಗ ವಿಂಡೋಸ್ ಕೀಲಿ, ಶಿಫ್ಟ್, ಎಡ ಅಥವಾ ಬಲ ಬಾಣ ಒಟ್ಟಿಗೆ. ಕಿಟಕಿ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಹಾರುತ್ತದೆ. ವಿಂಡೋಸ್ 7ರ ಕಾಲದಿಂದ ಇರುವ ಸೌಲಭ್ಯ, ಬಳಸುವವರು ಮಾತ್ರ ಕಡಿಮೆ.

ಟೀ ಕುಡಿದು ಬರುವಷ್ಟರಲ್ಲಿ ಕಿಟಕಿಗಳೆಲ್ಲ ಒಂದೇ ಮಾನಿಟರಿಗೆ ಗುಳೆ ಹೋಗಿರುವುದು ಇನ್ನೊಂದು ರೂಪ. ಡಿಸ್‌ಪ್ಲೇಪೋರ್ಟ್ ವೈರಿನಲ್ಲಿ ಇದು ಹೆಚ್ಚು. ಮೇಲೆ ಹೇಳಿದ ಟಿವಿಯ ಸ್ವಭಾವಕ್ಕೆ ಪೂರ್ತಿ ತದ್ವಿರುದ್ಧ. ಮಾನಿಟರು ನಿದ್ದೆಗೆ ಜಾರಿದರೂ ಸಾಕು, ಕೆಲವು ಸಲ ವೈರೇ ಕಿತ್ತರು ಅಂತ ವಿಂಡೋಸ್ ತಿಳಿದುಕೊಂಡುಬಿಡುತ್ತದೆ. ವಿಂಡೋಸ್ 11ರಲ್ಲಿ, ಡಿಸ್‌ಪ್ಲೇ ಸೆಟ್ಟಿಂಗ್ಸಿನ ಮಲ್ಟಿಪಲ್ ಡಿಸ್‌ಪ್ಲೇಸ್ ಕೆಳಗೆ, ಮಾನಿಟರು ವಾಪಸ್ ಬಂದಾಗ ಕಿಟಕಿಗಳನ್ನು ಅವುಗಳ ಜಾಗಕ್ಕೆ ಕಳಿಸುವ ಆಯ್ಕೆ ಇದೆ. ಕೆಲಸದ ಹೊತ್ತಿನಲ್ಲಿ ಮಾನಿಟರಿಗೆ ನಿದ್ದೆಯನ್ನೇ ಕೊಡದಿರುವುದು ಇನ್ನೂ ಒಳ್ಳೆಯದು.

ಹೊಸ 4ಕೆ ಮಾನಿಟರಿನ ಪಕ್ಕ ಹಳೇ 1080ರದ್ದು ಇಟ್ಟುಕೊಂಡವರ ಗೋಳು ಬೇರೆ. ಒಂದು 150 ಪರ್ಸೆಂಟ್ ಹಿಗ್ಗಿಸಿದ್ದು, ಒಂದು 100. ಕಿಟಕಿಯನ್ನು ಇತ್ತಿಂದತ್ತ ಎಳೆದರೆ ಅಕ್ಷರ ಮಸುಕು, ಇಲ್ಲವೇ ಗುಂಡಿಗಳು ದೈತ್ಯಾಕಾರ. ಒಂದೊಂದು ಮಾನಿಟರಿಗೆ ಒಂದೊಂದು ಅಳತೆ ಅನ್ನುವುದು ವಿಂಡೋಸಿಗೆ ಬಂದದ್ದೇ 2013ರ 8.1ರಲ್ಲಿ. ಅದಕ್ಕೆ ತಕ್ಕಂತೆ ತಿದ್ದಿಕೊಳ್ಳದ ತಂತ್ರಾಂಶಗಳಲ್ಲಿ ಈ ತೊಂದರೆ ಕಾಣುತ್ತದೆ. ಎರಡಕ್ಕೂ ಒಂದೇ ಪರ್ಸೆಂಟ್ ಕೊಟ್ಟು ನೋಡಿ, ಕಣ್ಣಿಗೆ ಸ್ವಲ್ಪ ಕಷ್ಟ, ತಲೆಗೆ ಸುಖ.

ಲಿನಕ್ಸಿನಲ್ಲಿ ಕೆಡೆನ್‌ಲೈವ್ ಬಳಸುವ ಮಿತ್ರರಿಗೆ: ಮೊದಲು ವ್ಯೂ ಮೆನುವಿನಲ್ಲಿ ಕಾಣೆಯಾದ ಪ್ಯಾನೆಲ್ಲಿನ ಗುರುತು ನೋಡಿ. ಬಗ್ಗದಿದ್ದರೆ ನಿಮ್ಮ ಹೋಮ್ ಫೋಲ್ಡರಿನ ಗುಪ್ತ ಕಾನ್ಫಿಗ್ ಫೋಲ್ಡರಿನಲ್ಲಿರುವ ಕೆಡೆನ್‌ಲೈವ್‌ಆರ್‌ಸಿ ಫೈಲಿನ ಹೆಸರು ಬದಲಿಸಿ ಮತ್ತೆ ತೆರೆಯಿರಿ. ಜೋಡಣೆ ಹೊಚ್ಚ ಹೊಸದಾಗುತ್ತದೆ, ಪ್ರಾಜೆಕ್ಟಿಗೆ ಏನೂ ಆಗುವುದಿಲ್ಲ.

ಮ್ಯಾಕ್ ವಿಚಾರ ನನಗೆ ಬೇಕಾದದ್ದು ಒಂದೇ. 2013ರ ಮ್ಯಾವರಿಕ್ಸ್‌ನಿಂದ ಈಚೆಗೆ ಪ್ರತಿ ಪರದೆಗೂ ಪ್ರತ್ಯೇಕ ಸ್ಪೇಸ್ ಅನ್ನುವ ಆಯ್ಕೆ ಆನ್ ಆಗಿರುವಷ್ಟು ಕಾಲ ಒಂದು ಕಿಟಕಿ ಎರಡು ಪರದೆಗೆ ಹರಡಿಕೊಳ್ಳುವುದಿಲ್ಲ. ಭಾವ ಈಗ ಮ್ಯಾಕ್ ಕೊಳ್ಳುವ ಯೋಚನೆಯಲ್ಲಿದ್ದಾರೆ, ಟೈಮ್‌ಲೈನು ಎರಡೂ ಮಾನಿಟರಿಗೆ ಉದ್ದಕ್ಕೆ ಹಾಸಿಕೊಂಡಿರಬೇಕು ಅಂತ ಅವರ ಹಟ. ಆ ಆಯ್ಕೆ ಆಫ್ ಮಾಡಿಕೊಂಡು ದಿನವಿಡೀ ಕೆಲಸ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಬೇರೇನಾದರೂ ಕಿರಿಕಿರಿ ಇದ್ದರೆ ಅವರು ದುಡ್ಡು ಕಟ್ಟುವುದರೊಳಗೆ ಹೇಳಿ ಪುಣ್ಯ ಕಟ್ಟಿಕೊಳ್ಳಿ.